ಗಾಳಿ ಎದ್ದಾಗ ಕೋನಾರ್ಕದ ಕಲ್ಲಿಗೇನಾಗುತ್ತದೆ?



ಚಂಡಮಾರುತದ ದಿನಗಳಲ್ಲಿ ಸ್ಟುಡಿಯೋದೊಳಗೆ ಕೂತು ಎಚ್ಚರಿಕೆಯ ಪ್ರಕಟಣೆ ಓದುವುದು ನಮ್ಮ ಕೆಲಸದ ಒಂದು ಭಾಗ. ಮೀನುಗಾರರು ಕಡಲಿಗೆ ಇಳಿಯಬಾರದು, ತಗ್ಗು ಪ್ರದೇಶದ ಜನ ಸುರಕ್ಷಿತ ಸ್ಥಳಗಳಿಗೆ ತೆರಳಬೇಕು, ವದಂತಿಗಳಿಗೆ ಕಿವಿಗೊಡಬಾರದು. ಈ ವಾಕ್ಯಗಳನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಟ್ಟಿಲ್ಲ. ಗಾಳಿ ದಾಟಿಹೋದ ಮಾರನೆಯ ದಿನ ಇನ್ನೊಂದು ಹಾಳೆ ಕೈಗೆ ಬರುತ್ತದೆ. ಸತ್ತವರೆಷ್ಟು, ಬಿದ್ದ ಮನೆಗಳೆಷ್ಟು, ಉರುಳಿದ ವಿದ್ಯುತ್ ಕಂಬಗಳೆಷ್ಟು, ನಷ್ಟ ಎಷ್ಟು ಕೋಟಿ. ಅದನ್ನೂ ಓದಿ ಮುಗಿಸಿ ಮುಂದಿನ ಹಾಡು ಹಾಕುತ್ತೇವೆ.

ಹಿಂದೊಮ್ಮೆ ಒಡಿಶಾದ ಕಡೆಗೆ ಗಾಳಿ ತಿರುಗಿದ್ದಾಗ ನಮ್ಮ ಕಾರ್ಯಕ್ರಮದ ಮಧ್ಯೆ ಹಿರಿಯರೊಬ್ಬರು ಫೋನ್ ಮಾಡಿದರು. ಬಹಳ ವರ್ಷದಿಂದ ಚೆನ್ನೈಯಲ್ಲಿ ನೆಲೆಸಿದವರು. ಹಾಡು ಕೇಳಲು ಅಲ್ಲ, ಒಂದು ಪ್ರಶ್ನೆ ಕೇಳಲು. "ಬರೋ ಡಿಸೆಂಬರಿನಲ್ಲಿ ನಾನೂ ನಮ್ಮ ಮನೆಯವರೂ ಪುರಿ, ಕೋನಾರ್ಕ ನೋಡ್ಕೊಂಡು ಬರೋಣ ಅಂತ ಟಿಕೆಟ್ ಮಾಡ್ಸಿದ್ದೀವಿ. ಇಷ್ಟು ಗಾಳಿ ಹೊಡೆಯೋ ಜಾಗ, ದೇವಸ್ಥಾನ ನೆಟ್ಟಗಿರುತ್ತೇನಮ್ಮಾ?"

"ಇರುತ್ತೆ ಸಾರ್, ಏಳುನೂರೈವತ್ತು ವರ್ಷದಿಂದ ಇದೆಯಲ್ಲ" ಎಂದು ನಗುತ್ತಲೇ ಉತ್ತರಿಸಿಬಿಟ್ಟೆ. ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ ಮನಸ್ಸು ಚುಚ್ಚಿತು. ಗೊತ್ತಿಲ್ಲದ್ದನ್ನು ಗೊತ್ತಿರುವವಳಂತೆ ಮೈಕಿನಲ್ಲಿ ಹೇಳಿದ್ದೆ. ಅಂದಿನಿಂದ ಅಲ್ಲಿ ಇಲ್ಲಿ ಹುಡುಕಿ ಓದಿದೆ. ಉತ್ತರ ನಾನು ಹೇಳಿದಷ್ಟು ಸುಲಭವಾಗಿರಲಿಲ್ಲ. ಆ ಹಿರಿಯರಿಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರಿನಿಂದಲೇ ಆರಂಭಿಸೋಣ. ಅಟ್ಲಾಂಟಿಕ್ ಸಾಗರದಲ್ಲಿ ಎದ್ದರೆ ಹರಿಕೇನ್, ಚೀನಾ-ಜಪಾನ್ ಕಡೆಯ ಕಡಲಿನಲ್ಲಿ ಎದ್ದರೆ ಟೈಫೂನ್, ನಮ್ಮಲ್ಲಿ ಎದ್ದರೆ ಸೈಕ್ಲೋನ್. ಮೂರೂ ಒಂದೇ, ಕನ್ನಡದಲ್ಲಿ ಚಂಡಮಾರುತ. ಕಡಲಿನ ಮೇಲ್ಪದರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದಾಗ ಅದರ ಆವಿ ಮೇಲೇರಿ ಮೋಡವಾಗುತ್ತದೆ. ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖವೇ ಚಂಡಮಾರುತದ ಇಂಧನ. ಕೆಳಗೆ ಒತ್ತಡ ಕುಸಿದು ಸುತ್ತಲಿನ ಗಾಳಿ ಒಳನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ನೇರವಾಗಿ ಬರದೆ ಸುಳಿಯಾಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಮುಂಗಾರಿಗೆ ಮೊದಲು ಏಪ್ರಿಲ್-ಮೇ ತಿಂಗಳಲ್ಲಿ ಒಂದು ಸುಗ್ಗಿ, ಹಿಂಗಾರಿನಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು ಸುಗ್ಗಿ. ಸುಗ್ಗಿ ಎಂಬ ಮಾತು ಇಲ್ಲಿ ಸರಿಯಲ್ಲವೇನೋ, ಆದರೆ ಕಡಲ ತೀರದವರಿಗೆ ಇವು ಹಬ್ಬದಷ್ಟೇ ಖಚಿತವಾಗಿ ಬರುವ ದಿನಗಳು.

ಗಾಳಿಯ ವೇಗದ ಬಗ್ಗೆ ಒಂದು ಲೆಕ್ಕ ನೆನಪಿಡಬೇಕು. ವೇಗ ಎರಡು ಪಟ್ಟಾದರೆ ಅದು ಗೋಡೆಯ ಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 100 ಕಿಲೋಮೀಟರಿನ ಗಾಳಿಗೂ 200 ಕಿಲೋಮೀಟರಿನ ಗಾಳಿಗೂ ಇರುವ ಅಂತರ ಬರಿಯ ಇಮ್ಮಡಿಯಲ್ಲ.

2019ರ ಮೇ 3ರ ಬೆಳಿಗ್ಗೆ ಪುರಿಯ ಹತ್ತಿರ ದಡ ಹತ್ತಿದ ಚಂಡಮಾರುತದ ವೇಗ ಗಂಟೆಗೆ 175-180 ಕಿಲೋಮೀಟರ್, ಬೀಸುಗಾಳಿ 200 ಕಿಲೋಮೀಟರಿನ ಸುತ್ತಮುತ್ತ. ಅದಕ್ಕೆ ಹೆಸರಿಟ್ಟದ್ದು ಬಾಂಗ್ಲಾದೇಶ. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಕೆಲವರು 'ಫ್ಯಾನಿ' ಎಂದರು, ಬಂಗಾಳಿಗಳು 'ಫೋನಿ' ಎಂದರು. ಯಾವುದು ಸರಿ ಎಂದು ನಾವು ಪ್ರಕಟಣೆ ಓದುವವರು ತಲೆ ಕೆಡಿಸಿಕೊಂಡಿದ್ದೆವು. ಅರ್ಥ ನೋಡಿದರೆ ಹಾವಿನ ಹೆಡೆ! ಅಂದರೆ ನಮ್ಮದೇ 'ಫಣಿ'. ಕನ್ನಡಿಗರು ಯಾವ ಅನುಮಾನವೂ ಇಲ್ಲದೆ ಉಚ್ಚರಿಸಬಹುದಾಗಿದ್ದ ಹೆಸರನ್ನು ಇಂಗ್ಲಿಷಿನ ಮೂಲಕ ಪಡೆದು ಗೊಂದಲ ಮಾಡಿಕೊಂಡಿದ್ದೆವು.

ಫಣಿಗೆ ಇಪ್ಪತ್ತು ವರ್ಷ ಮೊದಲು, 1999ರ ಅಕ್ಟೋಬರ್ 29ರಂದು, ಪಾರಾದೀಪದ ಬಳಿ ಒಡಿಶಾದ ಮಹಾಚಂಡಮಾರುತ ದಡ ಹತ್ತಿತ್ತು. ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ಕಡಲು ಐದಾರು ಮೀಟರ್ ಎದ್ದು ಒಳನಾಡಿಗೆ ನುಗ್ಗಿತು. ಸತ್ತವರು ಸುಮಾರು ಹತ್ತು ಸಾವಿರ. ಫಣಿಯ ಹೊತ್ತಿಗೆ ಒಡಿಶಾ ಪಾಠ ಕಲಿತಿತ್ತು. ಸುಮಾರು 12 ಲಕ್ಷ ಜನರನ್ನು ಗಾಳಿ ಬರುವ ಮೊದಲೇ ಆಶ್ರಯತಾಣಗಳಿಗೆ ಸಾಗಿಸಿದರು. ಆ ರಾಜ್ಯದಲ್ಲಿ ಸತ್ತವರು 64. ಒಂದು ಜೀವವೂ ಸಣ್ಣದಲ್ಲ, ಆದರೂ ಹತ್ತು ಸಾವಿರದಿಂದ 64ಕ್ಕೆ ಇಳಿಸಿದ್ದು ಜಗತ್ತೇ ಮೆಚ್ಚಿದ ಕೆಲಸ.

ಆದರೆ ಜನರನ್ನು ಬಸ್ಸು ಹತ್ತಿಸಿ ಕರೆದೊಯ್ದಂತೆ ಕಾಡನ್ನು, ಸರೋವರವನ್ನು, ಗುಡಿಯನ್ನು ಕರೆದೊಯ್ಯಲಾಗುವುದಿಲ್ಲ. ಅವು ಇದ್ದಲ್ಲೇ ನಿಂತು ಪೆಟ್ಟು ತಿನ್ನಬೇಕು.

ಈಗ ಕೋನಾರ್ಕಕ್ಕೆ ಬರೋಣ. 13ನೇ ಶತಮಾನದ ಮಧ್ಯಭಾಗದಲ್ಲಿ ಗಂಗ ವಂಶದ ಒಂದನೇ ನರಸಿಂಹದೇವ ಕಟ್ಟಿಸಿದ ಸೂರ್ಯ ದೇವಾಲಯ. ನಾವು ಇಂದು ಹೋಗಿ ನೋಡಿ, ಫೋಟೋ ತೆಗೆಸಿಕೊಂಡು ಬರುವ ಆ ಮೆಟ್ಟಿಲು ಮೆಟ್ಟಿಲಾದ ಛಾವಣಿಯ ದೊಡ್ಡ ಕಟ್ಟಡ ಮೂಲ ಗುಡಿಯಲ್ಲ, ಅದರ ಮುಂದಿನ ಜಗಮೋಹನ, ಅಂದರೆ ನಮ್ಮ ಲೆಕ್ಕದಲ್ಲಿ ಮುಖಮಂಟಪ. ಅದೇ ಸುಮಾರು 128 ಅಡಿ ಎತ್ತರವಿದೆ. ಅದರ ಹಿಂದೆ 200 ಅಡಿಗೂ ಎತ್ತರದ ಶಿಖರವೊಂದಿತ್ತೆಂದು ಅಂದಾಜು. ಅದು ಯಾವಾಗ, ಯಾಕೆ ಬಿತ್ತೆಂಬ ಬಗ್ಗೆ ನೂರು ವಾದಗಳಿವೆ. ಅಯಸ್ಕಾಂತದ ಕಥೆಯನ್ನು ಅಲ್ಲಿನ ಗೈಡುಗಳು ಇಂದಿಗೂ ಹೇಳುತ್ತಾರೆ. ಕಥೆಯಲ್ಲದ ಸಂಗತಿ ಇಷ್ಟು: 1837ರಲ್ಲಿ ಜೇಮ್ಸ್ ಫರ್ಗುಸನ್ ಎಂಬ ವಾಸ್ತುಶಿಲ್ಪದ ಇತಿಹಾಸಕಾರ ಅಲ್ಲಿಗೆ ಹೋದಾಗ ಆ ಶಿಖರದ ಒಂದು ಮೂಲೆ ಇನ್ನೂ ನಿಂತಿತ್ತು. ಅದರ ಚಿತ್ರವನ್ನೂ ಆತ ಬರೆದುಕೊಂಡ. 1848ರಲ್ಲಿ ಬೀಸಿದ ಒಂದು ಬಿರುಗಾಳಿಗೆ ಆ ಮೂಲೆಯೂ ಉರುಳಿತು.

ಅಂದರೆ "ಏಳುನೂರೈವತ್ತು ವರ್ಷದಿಂದ ಇದೆಯಲ್ಲ" ಎಂದು ನಾನು ಹೇಳಿದ್ದು ತಪ್ಪು. ಗಾಳಿ ಕೋನಾರ್ಕದ ಒಂದು ಭಾಗವನ್ನು ಆಗಲೇ ತೆಗೆದುಕೊಂಡಿದೆ. ಉಳಿದದ್ದನ್ನು ಮಾತ್ರ ನಾವು ನೋಡುತ್ತಿದ್ದೇವೆ.

ಉಳಿದದ್ದು ಬೀಳದಿರಲೆಂದು ಬ್ರಿಟಿಷರ ಕಾಲದಲ್ಲಿ ಎರಡು ಕೆಲಸ ಮಾಡಿದರು. ಮೊದಲನೆಯದು ಬಹಳ ಜನಕ್ಕೆ ಗೊತ್ತು: 1903ರ ಹೊತ್ತಿಗೆ ಜಗಮೋಹನದ ಒಳಗನ್ನೆಲ್ಲ ಮರಳಿನಿಂದ ತುಂಬಿ ಬಾಗಿಲುಗಳನ್ನು ಮುಚ್ಚಿಬಿಟ್ಟರು. ಒಳಗಿನಿಂದ ಆಸರೆ ಇರಲಿ ಎಂದು. ಆ ಮರಳನ್ನು ತೆಗೆಯಬೇಕೇ ಬೇಡವೇ ಎಂಬ ಚರ್ಚೆ ದಶಕಗಳಿಂದ ನಡೆದಿದೆ. ಎರಡನೆಯದು ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಕೆಲಸ. ಗುಡಿಗೂ ಕಡಲಿಗೂ ನಡುವೆ ಮರ ನೆಟ್ಟರು. ಕಡಲು ಈಗ ಗುಡಿಯಿಂದ ಸುಮಾರು ಮೂರು ಕಿಲೋಮೀಟರ್ ದೂರ. ಮಧ್ಯದಲ್ಲಿರುವುದು ಮರಳು. ಗಾಳಿ ಬೀಸಿದಾಗಲೆಲ್ಲ ಆ ಮರಳು ಹಾರಿ ಬಂದು ಶಿಲ್ಪಗಳಿಗೆ ಉಜ್ಜುತ್ತಿತ್ತು. ಮರಗೆಲಸದವರು ಮರಳು ಕಾಗದದಿಂದ ಹಲಗೆ ಉಜ್ಜುತ್ತಾರಲ್ಲ, ಥೇಟ್ ಹಾಗೇ. ಒಂದು ವ್ಯತ್ಯಾಸವೆಂದರೆ ಇಲ್ಲಿ ಉಜ್ಜಿಹೋಗುವುದು ನರ್ತಕಿಯ ಮೂಗು, ಕುದುರೆಯ ಕಡಿವಾಣ, ರಥದ ಗಾಲಿಯ ಮೇಲಿನ ಹೂಬಳ್ಳಿ.

ನೆಟ್ಟ ಮರಗಳಲ್ಲಿ ಮುಖ್ಯವಾದದ್ದು ಕ್ಯಾಸುರಿನಾ. ತಮಿಳಿನಲ್ಲಿ ಸವುಕ್ಕು. ಕನ್ನಡದಲ್ಲಿ ಇದಕ್ಕೆ ಇರುವ ಹೆಸರು ಕೇಳಿ: ಗಾಳಿಮರ. ಕಾರವಾರದ ಕಡಲತೀರ ನೋಡಿದವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. 19ನೇ ಶತಮಾನದ ಉತ್ತರಾರ್ಧದಲ್ಲೇ ಅಲ್ಲಿ ಇದರ ತೋಪುಗಳನ್ನು ಬೆಳೆಸಿದ್ದರು. ಮೂಲತಃ ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾ ಕಡೆಯ ಮರ. ಮರಳಿನಲ್ಲಿ ಬೆಳೆಯುತ್ತದೆ, ಉಪ್ಪುಗಾಳಿ ತಾಳುತ್ತದೆ, ಬೇಗ ಎತ್ತರಕ್ಕೆ ಹೋಗುತ್ತದೆ, ಸೌದೆಗೂ ಒಳ್ಳೆಯದು. ಸೂಜಿಯಂಥ ಎಲೆಗಳ ನಡುವೆ ಗಾಳಿ ನುಸುಳುವಾಗ ದೂರದ ಕಡಲಿನ ಮೊರೆತದಂಥದೇ ಸದ್ದು ಬರುತ್ತದೆ. ಗಾಳಿಮರವೆಂದು ಹೆಸರಿಟ್ಟವರು ಆ ಸದ್ದು ಕೇಳಿಯೇ ಇಟ್ಟಿರಬೇಕೆಂದು ನನ್ನ ಊಹೆ.

ಗಾಳಿಮರಕ್ಕೆ ಒಂದು ದೌರ್ಬಲ್ಯವಿದೆ. ದಿನನಿತ್ಯದ ಗಾಳಿಯನ್ನು ಅದು ಚೆನ್ನಾಗಿ ತಡೆಯುತ್ತದೆ, ಚಂಡಮಾರುತವನ್ನು ತಡೆಯಲಾರದು. ಸಡಿಲ ಮರಳಿನಲ್ಲಿ ನಿಂತ ಎತ್ತರದ ತೆಳು ಮರ. ಒಂದೇ ವಯಸ್ಸಿನ, ಒಂದೇ ಎತ್ತರದ ತೋಪಾದ್ದರಿಂದ ಬೀಳುವಾಗಲೂ ಎಲ್ಲ ಒಟ್ಟಿಗೇ ಬೀಳುತ್ತವೆ. ಪುರಿಯಿಂದ ಕೋನಾರ್ಕಕ್ಕೆ ಹೋಗುವ ಸುಮಾರು 35 ಕಿಲೋಮೀಟರಿನ ಕಡಲ ದಂಡೆಯ ರಸ್ತೆಯ ಪಕ್ಕದಲ್ಲಿರುವುದು ಬಾಲುಖಂಡ-ಕೋನಾರ್ಕ ವನ್ಯಧಾಮ. 72 ಚದರ ಕಿಲೋಮೀಟರಿನ ಈ ಕಾಡಿನಲ್ಲಿ ಗಾಳಿಮರ ಮತ್ತು ಗೇರುಮರಗಳದ್ದೇ ರಾಜ್ಯಭಾರ, ನಡುವೆ ಚುಕ್ಕೆ ಜಿಂಕೆಗಳು. 1999ರಲ್ಲಿ ಈ ಕಾಡು ಪೆಟ್ಟು ತಿಂದಿತು. ಮತ್ತೆ ನೆಟ್ಟರು. ಇಪ್ಪತ್ತು ವರ್ಷ ಬೆಳೆದು ನಿಂತದ್ದನ್ನು ಫಣಿ ಕೆಲವೇ ಗಂಟೆಗಳಲ್ಲಿ ಮಲಗಿಸಿತು. ಆಗ ಬಂದ ಚಿತ್ರಗಳಲ್ಲಿ ರಸ್ತೆಯ ಎರಡೂ ಬದಿ ಮರಗಳು ಒಂದೇ ದಿಕ್ಕಿಗೆ ತಲೆಬಾಗಿ, ತುದಿ ಮುರಿದು, ಬಾಚಿದ ಕೂದಲಿನಂತೆ ಬಿದ್ದಿದ್ದವು.

ಈಗ ಆ ಹಿರಿಯರ ಪ್ರಶ್ನೆಗೆ ಮರಳಿದರೆ, ಫಣಿಯ ನಂತರ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಪುರಿಯ ಜಗನ್ನಾಥ ಗುಡಿಯನ್ನೂ ಕೋನಾರ್ಕವನ್ನೂ ಪರಿಶೀಲಿಸಿದಾಗ ಮುಖ್ಯ ಕಟ್ಟಡಗಳಿಗೆ ದೊಡ್ಡ ಹಾನಿ ಆಗಿರಲಿಲ್ಲ. ಆವರಣದ ಮರಗಳು ಬಿದ್ದಿದ್ದವು, ಸಣ್ಣಪುಟ್ಟ ಹಾನಿಗಳಿದ್ದವು. "ಗುಡಿ ಸುರಕ್ಷಿತ" ಎಂದು ಸುದ್ದಿಯಾಯಿತು. ಸುದ್ದಿ ಸುಳ್ಳಲ್ಲ. ಆದರೆ ಕಲ್ಲಿಗೆ ಪೆಟ್ಟು ಬೀಳುವುದು ಗಾಳಿ ಬೀಸಿದ ದಿನವಲ್ಲ, ಆಮೇಲೆ.

ಅದು ಹೇಗೆಂದು ಸ್ವಲ್ಪ ವಿವರಿಸುತ್ತೇನೆ. ಕೋನಾರ್ಕದ ಗೋಡೆಗಳ ಬಹುಭಾಗ ಖೊಂಡಲೈಟ್ ಎಂಬ ಕಲ್ಲು. ಒಡಿಶಾದ ಖೊಂಡ ಬುಡಕಟ್ಟಿನವರ ಹೆಸರಿನಿಂದಲೇ ಆ ಹೆಸರು. ನಮ್ಮ ಬೇಲೂರು-ಹಳೇಬೀಡಿನ ನಯವಾದ ಬಳಪದ ಕಲ್ಲಿನಂಥದಲ್ಲ, ಒರಟು, ಸವೆದಂತೆಲ್ಲ ಸಣ್ಣ ಸಣ್ಣ ರಂಧ್ರಗಳಾಗುವ ಕಲ್ಲು. ಬಾಗಿಲವಾಡ ಮತ್ತು ಕೆಲವು ಮುಖ್ಯ ವಿಗ್ರಹಗಳಿಗೆ ಮಾತ್ರ ಹಸಿರುಗಪ್ಪಿನ ಗಟ್ಟಿ ಕ್ಲೋರೈಟ್ ಕಲ್ಲು ಬಳಸಿದ್ದಾರೆ. ಅವು ಇಂದಿಗೂ ಹೊಸದರಂತೆ ಮಿನುಗುತ್ತವೆ, ಪಕ್ಕದ ಖೊಂಡಲೈಟಿನ ಶಿಲ್ಪಗಳು ಮುಖ ಕಳೆದುಕೊಂಡಿವೆ. ಒಂದೇ ಗುಡಿ, ಒಂದೇ ಗಾಳಿ, ಎರಡು ಕಲ್ಲು. ಅಲ್ಲಿಗೆ ಹೋದಾಗ ಈ ಎರಡನ್ನೂ ಅಕ್ಕಪಕ್ಕದಲ್ಲಿ ನೋಡಿ, ಪುಸ್ತಕ ಬೇಕಾಗುವುದಿಲ್ಲ.

ಚಂಡಮಾರುತ ಬಂದಾಗ ಮಳೆಯ ಜೊತೆಗೆ ಕಡಲಿನ ತುಂತುರು ಕಿಲೋಮೀಟರುಗಟ್ಟಲೆ ಒಳಕ್ಕೆ ಹಾರಿಬರುತ್ತದೆ. ಆ ಉಪ್ಪುನೀರನ್ನು ರಂಧ್ರವಿರುವ ಕಲ್ಲು ಕುಡಿಯುತ್ತದೆ. ಬಿಸಿಲು ಬಂದಾಗ ನೀರು ಆವಿಯಾಗುತ್ತದೆ, ಉಪ್ಪು ಒಳಗೇ ಉಳಿದು ಹರಳುಗಟ್ಟುತ್ತದೆ. ಹರಳು ಬೆಳೆಯಲು ಜಾಗ ಬೇಕು, ಹಾಗಾಗಿ ಅದು ಕಲ್ಲಿನ ಕಣಗಳನ್ನು ತಳ್ಳುತ್ತದೆ. ಮುಂದಿನ ಮಳೆಗೆ ಕರಗಿ ಇನ್ನೂ ಆಳಕ್ಕೆ ಹೋಗುತ್ತದೆ, ಮತ್ತೆ ಹರಳಾಗುತ್ತದೆ. ಹೀಗೆ ವರ್ಷಗಟ್ಟಲೆ ನಡೆದು ಒಂದು ದಿನ ಶಿಲ್ಪದ ಮೇಲ್ಪದರ ಹಪ್ಪಳದಂತೆ ಎದ್ದು ಬರುತ್ತದೆ. ಕಲ್ಲುಗಳನ್ನು ಹಿಡಿದಿಡಲು ಹಿಂದೆ ಬಳಸಿದ ಕಬ್ಬಿಣದ ಪಟ್ಟಿಗಳಿಗೂ ಅದೇ ಉಪ್ಪು ತಗಲುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ ಕಬ್ಬಿಣ ಕಲ್ಲನ್ನು ಸೀಳುತ್ತದೆ. ಇದಕ್ಕೆ ಪುರಾತತ್ವ ಇಲಾಖೆಯ ರಸಾಯನ ವಿಭಾಗದವರು ಮಾಡುವ ಚಿಕಿತ್ಸೆ ನೋಡಿದರೆ ಮನೆಮದ್ದಿನಂತಿದೆ. ಕಾಗದವನ್ನು ಶುದ್ಧ ನೀರಿನಲ್ಲಿ ಅರೆದು ಮುದ್ದೆ ಮಾಡಿ ಕಲ್ಲಿಗೆ ಮೆತ್ತುತ್ತಾರೆ. ಮುದ್ದೆ ಒಣಗುವಾಗ ಕಲ್ಲಿನೊಳಗಿನ ಉಪ್ಪನ್ನು ಹೀರಿಕೊಂಡು ಹೊರಗೆ ತರುತ್ತದೆ. ನಮ್ಮ ಚೆನ್ನೈ ಹತ್ತಿರದ ಮಾಮಲ್ಲಪುರದ ಕಡಲತಡಿಯ ಗುಡಿಗೂ ಇದೇ ಉಪಚಾರ ನಡೆದಿದೆ.

ಹಾಗಾದರೆ ಗಾಳಿಮರಗಳು ಬಿದ್ದುಹೋದದ್ದು ಬರಿಯ ಕಾಡಿನ ನಷ್ಟವಲ್ಲ ಎಂದು ಈಗ ಅರ್ಥವಾಗಿರಬೇಕು. ಗುಡಿಯ ಮೈಮೇಲಿದ್ದ ಹೊದಿಕೆ ಅದು. ಮುಂದಿನ ಸಾಲು ಮರಗಳು ಎತ್ತರಕ್ಕೆ ಬರುವವರೆಗೆ ಪ್ರತಿ ದಿನದ ಗಾಳಿಯೂ ಮರಳು, ಉಪ್ಪು ಹೊತ್ತುಕೊಂಡು ಅಡೆತಡೆಯಿಲ್ಲದೆ ಬರುತ್ತದೆ. ಅರಣ್ಯ ಇಲಾಖೆಯ ಕಡತದಲ್ಲಿ ಮರ, ಪುರಾತತ್ವ ಇಲಾಖೆಯ ಕಡತದಲ್ಲಿ ಕಲ್ಲು. ಚಂಡಮಾರುತಕ್ಕೆ ಈ ಇಲಾಖೆಗಳ ಗಡಿ ಗೊತ್ತಿಲ್ಲ.

ಮತ್ತೆ ಅದೇ ಗಾಳಿಮರ ನೆಡಬೇಕೇ ಎಂಬುದೂ ಸುಲಭದ ಪ್ರಶ್ನೆಯಲ್ಲ. ಬೇಗ ಬೆಳೆಯುವುದು ಅದೇ. ಆದರೆ ಅದರ ಕೆಳಗೆ ಬೇರೆ ಗಿಡ ಅಷ್ಟಾಗಿ ಬೆಳೆಯುವುದಿಲ್ಲ. ನೀರಿನ ಅಂಚಿನವರೆಗೂ ನೆಟ್ಟರೆ ಕಡಲಾಮೆಗಳು ದಡ ಹತ್ತಿ ಮೊಟ್ಟೆಯಿಡುವ ಜಾಗ ಹೋಗುತ್ತದೆ. ಒಡಿಶಾದ ತೀರ ಆಲಿವ್ ರಿಡ್ಲೆ ಆಮೆಗಳು ಲಕ್ಷಗಟ್ಟಲೆ ಒಟ್ಟಿಗೆ ಬಂದು ಮೊಟ್ಟೆಯಿಡುವ ಜಗತ್ತಿನ ಕೆಲವೇ ಜಾಗಗಳಲ್ಲೊಂದು. ಮರಳ ದಿಬ್ಬಗಳನ್ನು ಹಿಡಿದಿಡಲು ಪ್ರಕೃತಿ ತಾನೇ ಮಾಡಿಕೊಂಡ ಏರ್ಪಾಡೂ ಇದೆ. ಮೇಕೆಯ ಗೊರಸಿನಾಕಾರದ ಎಲೆ, ನೇರಳೆ ಹೂವಿನ ಒಂದು ಬಳ್ಳಿ ದಂಡೆಯುದ್ದಕ್ಕೂ ಹಬ್ಬುತ್ತದೆ, ಅದರ ಹಿಂದೆ ಮುಳ್ಳುಹುಲ್ಲು, ಅದರ ಹಿಂದೆ ಕೇದಗೆ, ಹೊನ್ನೆ. ಗಿಡ್ಡದು ಮುಂದೆ, ಎತ್ತರದ್ದು ಹಿಂದೆ. ಗಾಳಿ ಅದರ ಮೇಲೆ ಇಳಿಜಾರು ಹತ್ತಿದಂತೆ ಹತ್ತಿ ಹೋಗುತ್ತದೆ, ಎದೆಗೆ ಗುದ್ದುವುದಿಲ್ಲ. ಮಿಶ್ರವಾಗಿ ನೆಡುವುದೇ ಸರಿ ಎಂದು ನನಗನ್ನಿಸುತ್ತದೆ. ಆದರೆ ಹೊನ್ನೆ ಬೆಳೆಯಲು ಕಾಲ ಬೇಕು, ಮುಂದಿನ ಚಂಡಮಾರುತ ಅಷ್ಟು ಕಾಯುತ್ತದೆಯೇ ಎಂಬ ಭಯವೂ ಸುಳ್ಳಲ್ಲ.

ಪುರಿಯಿಂದ ಇನ್ನೊಂದು ದಿಕ್ಕಿಗೆ ಹೋದರೆ ಚಿಲಿಕಾ. ಮಳೆಗಾಲದಲ್ಲಿ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಹರಡುವ, ಸಿಹಿನೀರೂ ಉಪ್ಪುನೀರೂ ಬೆರೆತ ಸರೋವರ. ಚಳಿಗಾಲದಲ್ಲಿ ಲಕ್ಷಾಂತರ ವಲಸೆ ಹಕ್ಕಿಗಳು, ವರ್ಷವಿಡೀ ಇರಾವದಿ ಡಾಲ್ಫಿನ್‌ಗಳು, ಇದನ್ನೇ ನಂಬಿದ ಸಾವಿರಾರು ಮೀನುಗಾರ ಕುಟುಂಬಗಳು. ಇದಕ್ಕೂ ಕಡಲಿಗೂ ಮಧ್ಯೆ ಒಂದು ಉದ್ದನೆಯ ಮರಳ ಪಟ್ಟಿ. ಅದರಲ್ಲಿ ಎಲ್ಲೋ ಒಂದೆರಡು ಬಾಯಿಗಳು. ಆ ಬಾಯಿಗಳ ಮೂಲಕವೇ ಚಿಲಿಕಾ ಉಸಿರಾಡುವುದು.

1990ರ ದಶಕದಲ್ಲಿ ಹಳೆಯ ಬಾಯಿ ಹೂಳು ತುಂಬಿ ಮುಚ್ಚುತ್ತ ಬಂತು. ಉಪ್ಪಿನಂಶ ಇಳಿಯಿತು, ಕಳೆ ಬೆಳೆಯಿತು, ಮೀನು ಕಡಿಮೆಯಾಯಿತು. 1993ರಲ್ಲಿ ಚಿಲಿಕಾ ಅಪಾಯದಲ್ಲಿರುವ ಜೌಗುಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿತು. 2000ದ ಸೆಪ್ಟೆಂಬರಿನಲ್ಲಿ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರ ಮರಳ ಪಟ್ಟಿಯನ್ನು ಕಡಿದು ಹೊಸ ಬಾಯಿ ತೆರೆಯಿತು. ಮೀನು ಮರಳಿತು, ಏಡಿ-ಸಿಗಡಿ ಮರಳಿದವು, 2002ರಲ್ಲಿ ಅಪಾಯದ ಪಟ್ಟಿಯಿಂದ ಚಿಲಿಕಾದ ಹೆಸರು ತೆಗೆದರು. ಮನುಷ್ಯ ವರ್ಷಗಟ್ಟಲೆ ಅಧ್ಯಯನ ಮಾಡಿ, ಯಂತ್ರ ತಂದು ಒಂದು ಬಾಯಿ ತೆರೆದಿದ್ದ. ಫಣಿ ಒಂದೇ ಬೆಳಿಗ್ಗೆ ನಾಲ್ಕು ಹೊಸ ಬಾಯಿಗಳನ್ನು ತೆರೆಯಿತು!

ಇದು ಒಳ್ಳೆಯದೋ ಕೆಟ್ಟದ್ದೋ? ಉಪ್ಪುನೀರು ಹೆಚ್ಚು ಬಂದರೆ ಸಿಹಿನೀರಿನ ಕಳೆ ಸಾಯುತ್ತದೆ, ಕಡಲ ಮೀನಿನ ಮರಿಗಳು ಒಳಬರುತ್ತವೆ. ಅದೇ ಹೊತ್ತಿಗೆ ಸಿಹಿನೀರಿನ ಮೀನು, ಅದರ ಜಲಸಸ್ಯಗಳು, ಆ ಸಸ್ಯ ತಿನ್ನುವ ಹಕ್ಕಿಗಳು ಇವೆಲ್ಲದರ ಲೆಕ್ಕ ತಪ್ಪುತ್ತದೆ. ಚಂಡಮಾರುತ ತೆರೆದ ಬಾಯಿಗಳು ಸ್ಥಿರವೂ ಅಲ್ಲ. ಅಲೆ ತೆರೆದದ್ದನ್ನು ಮರಳು ಮತ್ತೆ ಮುಚ್ಚುತ್ತದೆ. ಗುಡಿಯ ವಿಷಯದಲ್ಲಿ ನಷ್ಟ ಎಂಬ ಶಬ್ದ ಸರಿ, ಬಿದ್ದ ಕಲ್ಲು ತಾನಾಗಿ ಏಳುವುದಿಲ್ಲ. ಸರೋವರದ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ. ಚಿಲಿಕಾ ಹುಟ್ಟಿದ್ದೇ ಕಡಲು, ನದಿ, ಗಾಳಿ ಮೂರರ ಜಗಳದಿಂದ.

ಇನ್ನು ನೈಸರ್ಗಿಕವೆಂದೂ ಪುರಾತನವೆಂದೂ ಬೇರೆ ಮಾಡಲಾಗದ ಒಂದು ಜಾಗದ ಬಗ್ಗೆ. ಪುರಿಯ ಹತ್ತಿರ ಭಾರ್ಗವಿ ನದಿಯ ದಂಡೆಯಲ್ಲಿ ರಘುರಾಜಪುರವೆಂಬ ಹಳ್ಳಿಯಿದೆ. ಒಡಿಸ್ಸಿ ಗುರು ಕೇಳುಚರಣ ಮಹಾಪಾತ್ರರು ಹುಟ್ಟಿದ ಊರು. ಎರಡು ಸಾಲು ಮನೆ, ಮನೆಮನೆಯಲ್ಲೂ ಪಟಚಿತ್ರ ಬರೆಯುವವರು, ತಾಳೆಗರಿಯ ಮೇಲೆ ಕಂಟದಿಂದ ಗೀರಿ ಚಿತ್ರ ಬಿಡಿಸುವವರು. ಸುತ್ತ ತೆಂಗು, ತಾಳೆ, ಹಲಸು. ಫಣಿಯಲ್ಲಿ ಮರಗಳೂ ಬಿದ್ದವು, ಛಾವಣಿಗಳೂ ಹಾರಿದವು, ಬರೆದಿಟ್ಟ ಚಿತ್ರಗಳು ನೆಂದು ಹಾಳಾದವು. ಪಟಚಿತ್ರ ಅಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಸೀಮೆಸುಣ್ಣ ಬಳಿದು ತಯಾರಿಸಿದ ಹಲಗೆಯಂಥ ಪಟದ ಮೇಲೆ ಕಲ್ಲು, ಶಂಖ, ಮಸಿಯಿಂದ ಮಾಡಿದ ಬಣ್ಣ. ನೀರು ತಗುಲಿದರೆ ಅಂಟು ಬಿಡುತ್ತದೆ. ತಿಂಗಳುಗಟ್ಟಲೆ ಕೂತು ಮಾಡಿದ್ದು ಒಂದೇ ದಿನಕ್ಕೆ. ಇದನ್ನು ಸಂರಕ್ಷಿತ ಸ್ಮಾರಕದ ನಷ್ಟವೆಂದು ಯಾರೂ ಬರೆದುಕೊಳ್ಳುವುದಿಲ್ಲ, ಏಕೆಂದರೆ ಚಿತ್ರ ಬರೆಯುವವರು ಬದುಕಿದ್ದಾರೆ, ಮತ್ತೆ ಬರೆಯುತ್ತಾರೆ. ಬರೆದರು ಕೂಡ.

ಕೇಂದ್ರಾಪಾಡಾ ಜಿಲ್ಲೆಯ ಸತಭಾಯಾದ ಕಥೆ ಇನ್ನೊಂದು ಬಗೆಯದು. ಹೆಸರೇ ಹೇಳುವಂತೆ ಏಳು ಸೋದರರಂತೆ ಏಳು ಹಳ್ಳಿಗಳಿದ್ದ ಜಾಗ. ಕಡಲು ಒಂದೊಂದಾಗಿ ನುಂಗುತ್ತ ಬಂತು. ಇದು ಯಾವುದೋ ಒಂದು ಚಂಡಮಾರುತದ ಕೆಲಸವಲ್ಲ. ದಿನದ ಅಲೆ ಕೊರೆಯುತ್ತದೆ, ಚಂಡಮಾರುತ ಬಂದಾಗಲೆಲ್ಲ ಒಂದು ದೊಡ್ಡ ತುತ್ತು ಹೋಗುತ್ತದೆ. ಅಲ್ಲಿ ಪಂಚುಬರಾಹಿ ಎಂಬ ಐದು ದೇವಿಯರ ಗುಡಿಯಿತ್ತು. ಬೆಸ್ತರ ಸಮುದಾಯದ ಮದುವೆಯಾದ ಹೆಂಗಸರೇ ಅದರ ಪೂಜಾರಿಗಳು. ಗಂಡಸರು ವಿಗ್ರಹ ಮುಟ್ಟುವಂತಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ಕಡಲು ಗುಡಿಯ ಬುಡಕ್ಕೇ ಬಂದಿದ್ದಾಗ ದೇವಿಯರನ್ನು ಬಗಪಾಟಿಯಾ ಎಂಬ ಪುನರ್ವಸತಿ ಗ್ರಾಮಕ್ಕೆ ಸಾಗಿಸಬೇಕಾಯಿತು. ಒಂದೊಂದು ಕಲ್ಲಿನ ವಿಗ್ರಹವೂ ಟನ್ನುಗಟ್ಟಲೆ ಭಾರ, ಹೆಂಗಸರಿಗೆ ಎತ್ತಲಾಗದು. ತಲೆಮಾರುಗಳ ಕಟ್ಟಳೆ ಬಿಟ್ಟು ಗಂಡಸರನ್ನು ಒಳಗೆ ಬಿಟ್ಟರು. ಎತ್ತಿ ಕೊಟ್ಟ ಮೇಲೆ ಪೂಜೆ ಮತ್ತೆ ಹೆಂಗಸರದ್ದೇ. ದೇವರನ್ನೂ ಆಶ್ರಯತಾಣಕ್ಕೆ ಕರೆದೊಯ್ದ ಈ ಘಟನೆ ಓದಿದಾಗ, ಕೋನಾರ್ಕವನ್ನು ಹೀಗೆ ಹೊತ್ತುಕೊಂಡು ಹೋಗಲಾಗದು ಎಂಬುದು ಮತ್ತೊಮ್ಮೆ ನೆನಪಾಯಿತು.

ಅದೇ ಜಿಲ್ಲೆಯಲ್ಲಿರುವ ಭಿತರಕನಿಕಾ ಕಾಡಿನ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಉಪ್ಪುನೀರಿನ ಮೊಸಳೆಗಳಿಗೆ ಹೆಸರಾದ ಮ್ಯಾಂಗ್ರೋವ್ ಕಾಡು. ಮ್ಯಾಂಗ್ರೋವ್ ಎಂದರೆ ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವುದು. ಕುಮಟಾದ ಹತ್ತಿರ ಅಘನಾಶಿನಿಯ ಅಳಿವೆಯಲ್ಲಿ ಕೆಸರಿನೊಳಗೆ ಬೇರು ಊರಿ ನಿಂತಿರುತ್ತದಲ್ಲ, ಅದೇ. 1999ರ ಮಹಾಚಂಡಮಾರುತದ ನಂತರ ಸಂಶೋಧಕರು ಇಲ್ಲಿ ಮೂರು ಬಗೆಯ ಹಳ್ಳಿಗಳನ್ನು ಹೋಲಿಸಿ ನೋಡಿದರು: ಕಾಂಡ್ಲಾ ಕಾಡಿನ ಮರೆಯಲ್ಲಿದ್ದದ್ದು, ಕಟ್ಟಿದ ಏರಿಯ ಮರೆಯಲ್ಲಿದ್ದದ್ದು, ಯಾವ ಮರೆಯೂ ಇಲ್ಲದ್ದು. ಮನೆಯೊಂದಕ್ಕೆ ಅತಿ ಕಡಿಮೆ ನಷ್ಟವಾದದ್ದು ಕಾಡಿನ ಮರೆಯ ಹಳ್ಳಿಯಲ್ಲಿ. ಅತಿ ಹೆಚ್ಚು ನಷ್ಟವಾದದ್ದು ಮರೆಯಿಲ್ಲದ ಹಳ್ಳಿಯಲ್ಲಲ್ಲ, ಏರಿ ಕಟ್ಟಿಕೊಂಡಿದ್ದ ಹಳ್ಳಿಯಲ್ಲಿ! ಏರಿ ಒಡೆದು ಒಳನುಗ್ಗಿದ ಉಪ್ಪುನೀರು ಅದೇ ಏರಿಯ ದೆಸೆಯಿಂದ ಹೊರಗೆ ಹೋಗಲಾರದೆ ಗದ್ದೆಗಳಲ್ಲೇ ನಿಂತುಬಿಟ್ಟಿತ್ತು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕೇಂದ್ರಾಪಾಡಾದ ನೂರಾರು ಹಳ್ಳಿಗಳ ಸಾವಿನ ಲೆಕ್ಕ ತೆಗೆದು, ಕಾಂಡ್ಲಾ ಕಾಡು ಪೂರ್ತಿ ಇಲ್ಲದಿದ್ದರೆ ತೀರದಿಂದ ಹತ್ತು ಕಿಲೋಮೀಟರಿನೊಳಗಿನ ಪ್ರತಿ ಹಳ್ಳಿಯಲ್ಲೂ ಸರಾಸರಿ 1.72 ಮಂದಿ ಹೆಚ್ಚು ಸಾಯುತ್ತಿದ್ದರೆಂದು ಅಂದಾಜು ಮಾಡಿತು. ಸಂಖ್ಯೆ ಸಣ್ಣದೆನಿಸಬಹುದು. ಹಳ್ಳಿಗಳ ಸಂಖ್ಯೆಯಿಂದ ಗುಣಿಸಿ ನೋಡಿ.

ಹಳೆಯ ಮರಗಳ ಗಟ್ಟಿತನ ನೋಡಬೇಕಾದರೆ ಹೌರಾದ ಸಸ್ಯೋದ್ಯಾನಕ್ಕೆ ಹೋಗಬೇಕು. ಅಲ್ಲಿನ ದೊಡ್ಡ ಆಲದ ಮರಕ್ಕೆ 1864 ಮತ್ತು 1867ರ ಚಂಡಮಾರುತಗಳಲ್ಲಿ ಗಾಯವಾಯಿತು. ಗಾಯಕ್ಕೆ ಶಿಲೀಂಧ್ರ ಹತ್ತಿ ಒಳಗೊಳಗೇ ಕೊಳೆತು 1925ರಲ್ಲಿ ಮುಖ್ಯ ಕಾಂಡವನ್ನೇ ಕಡಿದು ತೆಗೆದರು. ಎಂದೋ ಬೀಸಿದ ಗಾಳಿಯ ಪೆಟ್ಟು ಅರವತ್ತು ವರ್ಷದ ಮೇಲೆ ಫಲ ಕೊಟ್ಟಿತ್ತು. ಮರ ಮಾತ್ರ ಸಾಯಲಿಲ್ಲ, ಸಾವಿರಾರು ಬಿಳಲುಗಳ ಮೇಲೆ ಇಂದಿಗೂ ನಿಂತಿದೆ. 2020ರ ಮೇ 20ರ ಅಂಫಾನ್ ಚಂಡಮಾರುತದಲ್ಲಿ ಕೆಲವು ಬಿಳಲುಗಳನ್ನು ಕಳೆದುಕೊಂಡರೂ ಉಳಿಯಿತು. ನಮ್ಮ ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯ ಆಲದ್ದೂ ಇದೇ ಕಥೆ, 1989ರ ಬಿರುಗಾಳಿಗೆ ನಡುಕಾಂಡ ಬಿತ್ತು, ಬಿಳಲುಗಳು ಹಿಡಿದುಕೊಂಡವು. 2016ರ ಡಿಸೆಂಬರ್ 12ರಂದು ವರ್ದಾ ಬಂದಾಗ ಚೆನ್ನೈಯಲ್ಲಿದ್ದ ಕೇಳುಗರು ನೆನಪಿಸಿಕೊಳ್ಳಿ: ರಸ್ತೆಗೆ ಅಡ್ಡ ಬಿದ್ದವುಗಳಲ್ಲಿ ಗುಲ್‌ಮೊಹರ್‌ನಂಥ ಹೊರಗಿನಿಂದ ಬಂದ ಮರಗಳೇ ಹೆಚ್ಚು, ಬೇವು, ಹೊಂಗೆ ಬಹಳ ಕಡೆ ನಿಂತಿದ್ದವು.

ಗಾಳಿ ಸ್ಮಾರಕಗಳನ್ನು ಕೆಡವುವುದಷ್ಟೇ ಅಲ್ಲ, ಹುಟ್ಟಿಸುವುದೂ ಉಂಟು. 1964ರ ಡಿಸೆಂಬರ್ 22ರ ರಾತ್ರಿಯವರೆಗೆ ಧನುಷ್ಕೋಡಿ ರೈಲು ನಿಲ್ದಾಣ, ಅಂಚೆ ಕಚೇರಿ, ಚರ್ಚು ಎಲ್ಲ ಇದ್ದ ಊರು. ಆ ರಾತ್ರಿಯ ಚಂಡಮಾರುತ ಪ್ರಯಾಣಿಕರ ಸಮೇತ ಒಂದು ರೈಲನ್ನೇ ಕಡಲಿಗೆ ಎಳೆದುಕೊಂಡಿತು. ಇಂದು ಅಲ್ಲಿ ಉಳಿದಿರುವ ಚರ್ಚಿನ ಗೋಡೆಗಳನ್ನು ಪ್ರವಾಸಿಗರು ಪುರಾತನ ಅವಶೇಷಗಳಂತೆ ನೋಡುತ್ತಾರೆ. ಅರವತ್ತು ವರ್ಷ ಅಷ್ಟೇ ಆಗಿರುವುದು.

ಕಡಲು ಮುಚ್ಚಿದ್ದನ್ನು ತೆರೆದು ತೋರಿಸುವುದೂ ಉಂಟು. 2004ರ ಡಿಸೆಂಬರಿನ ಸುನಾಮಿ ಚಂಡಮಾರುತವಲ್ಲ, ಭೂಕಂಪದ ಕೂಸು. ಆದರೆ ಅದರ ಅಲೆಗಳು ಮಾಮಲ್ಲಪುರದ ಹತ್ತಿರ ಸಾಳುವಂಕುಪ್ಪಂನಲ್ಲಿ ಮರಳನ್ನು ಎಳೆದುಕೊಂಡು ಹೋದಾಗ ಬಂಡೆಯ ಮೇಲಿನ ಶಾಸನ ಕಂಡಿತು. ಅದರಲ್ಲಿ ಒಂದು ಸುಬ್ರಹ್ಮಣ್ಯನ ಗುಡಿಯ ಉಲ್ಲೇಖ. ಆ ಗುಡಿ ಎಲ್ಲಿ ಎಂದು 2005ರಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಪಲ್ಲವರ ಕಾಲದ ರಚನೆಯೂ ಅದರ ಕೆಳಗೆ ಇನ್ನೂ ಹಳೆಯ ಇಟ್ಟಿಗೆಯ ಗುಡಿಯೂ ಸಿಕ್ಕವು. ಇಂಥ ಸುದ್ದಿ ಕೇಳಿ ಗಾಳಿ-ಅಲೆ ಒಳ್ಳೆಯದೇ ಮಾಡಿತಲ್ಲ ಎನ್ನುವವರಿದ್ದಾರೆ. ಆದರೆ ಪುರಾತತ್ವದಲ್ಲಿ ವಸ್ತುವಿನಷ್ಟೇ ಮುಖ್ಯ ಅದು ಸಿಕ್ಕ ಮಣ್ಣಿನ ಪದರ. ಬುಡಮೇಲಾದ ಒಂದು ಮರ ಬೇರಿನ ಜೊತೆ ನೆಲದಡಿಯ ಮಣ್ಣನ್ನು ಮೇಲೆತ್ತಿದಾಗ ಸಾವಿರ ವರ್ಷದ ಮಡಕೆ ಚೂರೂ ನಿನ್ನೆಯ ಬಾಟಲಿಯೂ ಒಂದೇ ಗುಡ್ಡೆಯಾಗುತ್ತವೆ. ಬಿರುಗಾಳಿಯ ಮಾರನೆಯ ದಿನ ದಂಡೆಯಲ್ಲಿ ಸಿಕ್ಕ ಹಳೆಯ ನಾಣ್ಯವನ್ನು ಯಾರೋ ಆಯ್ದು ಜೇಬಿಗಿಟ್ಟರೆ ನಾಣ್ಯ ಉಳಿಯುತ್ತದೆ, ಅದು ಹೇಳಬಹುದಾಗಿದ್ದ ಸಂಗತಿ ಹೋಗುತ್ತದೆ. ನಿಮಗೇನಾದರೂ ಹೀಗೆ ಕಂಡರೆ ಮುಟ್ಟದೆ, ಫೋಟೋ ತೆಗೆದು, ಜಾಗದ ಗುರುತು ಇಟ್ಟುಕೊಂಡು ಹತ್ತಿರದ ವಸ್ತುಸಂಗ್ರಹಾಲಯಕ್ಕೋ ತಹಸೀಲ್ದಾರರ ಕಚೇರಿಗೋ ತಿಳಿಸಿ.

ಟಿಕೆಟ್ ಮಾಡಿಸಿದ್ದ ಆ ಹಿರಿಯರು ಈ ಸಂಚಿಕೆ ಓದುತ್ತಿದ್ದರೆ ಅವರಿಗೆ, ಅವರಂತೆ ಹೊರಟಿರುವ ಬೇರೆಯವರಿಗೆ ಒಂದೆರಡು ಮಾತು. ಪುರಿಯಿಂದ ಕೋನಾರ್ಕಕ್ಕೆ ಒಳರಸ್ತೆಯಲ್ಲಿ ಹೋಗದೆ ಕಡಲ ದಂಡೆಯ ರಸ್ತೆಯಲ್ಲೇ ಹೋಗಿ. ಕಾರಿನ ಕಿಟಕಿ ಇಳಿಸಿ ಎರಡೂ ಬದಿಯ ಮರಗಳ ಎತ್ತರ ನೋಡಿ, ಯಾವುದು ಫಣಿಗಿಂತ ಹಳೆಯದು, ಯಾವುದು ಆಮೇಲೆ ಬಂದದ್ದು ಎಂದು ನಿಮಗೇ ಗೊತ್ತಾಗುತ್ತದೆ. ಗುಡಿಯಲ್ಲಿ ಕ್ಲೋರೈಟ್ ಕಲ್ಲಿನ ಸೂರ್ಯನ ವಿಗ್ರಹ ನೋಡಿದ ಮೇಲೆ ಕೆಳಗಿಳಿದು ಪೀಠದ ಖೊಂಡಲೈಟಿನ ಆನೆಸಾಲನ್ನು ಹತ್ತಿರದಿಂದ ನೋಡಿ, ಮುಟ್ಟಬೇಡಿ. ವಾಪಸು ಬರುವಾಗ ರಘುರಾಜಪುರಕ್ಕೆ ಹೋಗಿ ಒಂದು ಪಟವಾದರೂ ಕೊಳ್ಳಿ. ಹೋಗಿ ಬಂದ ಮೇಲೆ ಫೋನ್ ಮಾಡಿ ಸಾರ್, ಈ ಸಲ ನಾನು ಕೇಳುತ್ತೇನೆ, ನೀವು ಹೇಳಿ.